ಎಲೆಬಳ್ಳಿ ಇಳಿಸಿದ ಸುಗ್ಗಿ

ನಮ್ಮ ಎಲೆಬಳ್ಳಿ ಮನೆಯೊಳಗೇ ಇತ್ತು. ಹಿತ್ತಲಲ್ಲಲ್ಲ, ತೋಟದಲ್ಲಲ್ಲ, ಪಡಸಾಲೆಯಲ್ಲಿ. ನಂಬದವರು ನಂಬದಿದ್ದರೆ ನನಗೇನೂ ಆಗಬೇಕಾದ್ದಿಲ್ಲ. ಚೌಡಾಪುರದಿಂದ ಎರಡು ಹರದಾರಿ ದೂರದ ನಮ್ಮ ಊರಿನದು ಕರಿಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಜೋಳಕ್ಕೆ, ತೊಗರಿಗೆ ಅದು ಸರಿ, ವೀಳ್ಯದೆಲೆಗೆ ಅಲ್ಲ. ನಮ್ಮ ಮನೆಯ ಗೋಡೆಗಳು ಮೊಳಕ್ಕಿಂತ ದಪ್ಪದ ಕಲ್ಲಿನವು, ಮೇಲೆ ಮಣ್ಣಿನ ಮಾಳಿಗೆ, ಕಿಟಕಿ ಎಂಬುದೇ ಇರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಬಚ್ಚಲು, ಬಚ್ಚಲಿಗೆ ಹತ್ತಿಕೊಂಡು ಒಂದು ಬೇವಿನ ಕಂಬ, ಕಂಬದ ನೆತ್ತಿಗೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಆ ಕಂಬದ ಬುಡದಲ್ಲಿ ಬಾನಿ ಇತ್ತು. ಬಾನಿ ಎಂದರೆ ಅಗಲ ಬಾಯಿಯ ದೊಡ್ಡ ಮಣ್ಣಿನ ಪಾತ್ರೆ. ಬಳ್ಳಿ ಅದರಿಂದ ಎದ್ದು ಕಂಬ ಹಿಡಿದು ಬೆಳಕಿಂಡಿಯಿಂದ ಹೊರಗೆ ನುಗ್ಗಿ ಮಾಳಿಗೆಯ ಮೇಲೆ ಹರಡಿತ್ತು. ಮೈಗೆ ನೀರು ಹಾಕಿಕೊಂಡರೆ ಎರಚಿದ ಹನಿ ಅದಕ್ಕೆ, ಮೇಲಿನ ಬಿಸಿಲೂ ಅದಕ್ಕೆ. ಮಧ್ಯಾಹ್ನ ಊಟಕ್ಕೆ ಕುಳಿತರೆ ನಮ್ಮ ರೊಟ್ಟಿಯ ಮೇಲೆ ಹಸಿರು ಬೆಳಕು ಬೀಳುತ್ತಿತ್ತು. ಸುತ್ತಲಿನ ಏಳೆಂಟು ಹಳ್ಳಿಗಳಲ್ಲಿ ಇಂಥ ಮನೆ ಇನ್ನೊಂದಿರಲಿಲ್ಲ.

ಬಳ್ಳಿ ಆಯಿಯದು. ಆಯಿ ಎಂದರೆ ನಮ್ಮಪ್ಪನ ತಾಯಿ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಮ್ಮ ಚಿಗಪ್ಪ, ಅವನ ಹೆಂಡತಿ ಚಿಗವ್ವ, ನಾನು, ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು, ಇಷ್ಟು ಜನ ಇದ್ದರೂ ಮಾತು ಒಬ್ಬಳದೇ. ಊರಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಮೊದಲು ಆಯಿಯ ಮುಂದೆ ಬಂದು ನಿಲ್ಲಬೇಕು. ಸಂತೆಯ ಎಲೆ ಬಾಡಿ ಬರುತ್ತಿತ್ತು, ನಮ್ಮದು ಹರಿದ ಕೂಡಲೇ ರಸ ಜಿನುಗುವಷ್ಟು ಹಸಿ. ಆಯಿ ಎಲೆ ಕೊಡುವುದರಲ್ಲೂ ಲೆಕ್ಕವಿತ್ತು. ನೆಂಟರಿಗೆ ಐದು, ಪರಿಚಯದವರಿಗೆ ಎರಡು, ಸಿಟ್ಟಿದ್ದವರಿಗೆ ತುದಿ ಮುರಿದದ್ದು. ತುದಿ ಮುರಿದ ಎಲೆ ಹಿಡಿದು ಹೋದವರಿಗೆ ಯಾಕೆ ಎಂದು ಬಿಡಿಸಿ ಹೇಳಬೇಕಾಗುತ್ತಿರಲಿಲ್ಲ. ಆ ಎಲೆ ಹರಿಯುವ ಕೆಲಸ ನನ್ನದು. ನನಗೆ ಹನ್ನೊಂದೋ ಹನ್ನೆರಡೋ, ಇನ್ನೂ ದೊಡ್ಡವಳಾಗಿರಲಿಲ್ಲ, ಅದಕ್ಕೇ ಆ ಕೆಲಸ ನನಗೆ ಬಿದ್ದಿತ್ತು. ದೊಡ್ಡ ಹೆಂಗಸರು ಬಳ್ಳಿಯ ಹತ್ತಿರ ಹೋಗುವ ಮೊದಲು ಆಯಿಗೆ ಉತ್ತರ ಕೊಡಬೇಕಿತ್ತು. ದಿನಾ ಬೆಳಿಗ್ಗೆ, ಗಂಡಸರು ರೊಟ್ಟಿಗೆ ಕುಳಿತ ಹೊತ್ತಿನಲ್ಲಿ, ಆಯಿ ಕಂಬಕ್ಕೆ ಒರಗಿ ಕೇಳುತ್ತಿದ್ದಳು.

"ಯಾರು ಒಳಗಿದ್ದೀರಿ, ಯಾರು ಹೊರಗಿದ್ದೀರಿ? ಲಗೂನ ಬಾಯಿ ಬಿಡ್ರಿ."

"ನಾ ಒಳಗೇ ಇದ್ದೇನ್ರಿ ಅತ್ತಿ," ಎಂದು ಅವ್ವ ಅಡಿಗೆಮನೆಯಿಂದಲೇ ಹೇಳುವಳು.

"ನಾ ಹೊರಗ್ರಿ," ಎಂದು ಚಿಗವ್ವ ತಲೆಯ ಸೆರಗು ಎಳೆದುಕೊಂಡು ಹೇಳುವಳು. ಗಂಡಸರಿಗೆಲ್ಲ ಕೇಳಿಸುತ್ತಿತ್ತು. ಒಂದು ದಿನ ಅಪ್ಪ ತಡೆಯಲಾರದೆ ಅಂದ:

"ಅವ್ವಾ, ಡಂಗುರಾನ ಹೊಡಿಸಿಬಿಡು. ಊರಿಗೆಲ್ಲ ಒಮ್ಮೆಗೇ ಗೊತ್ತಾಗ್ಲಿ."

"ನೀ ರೊಟ್ಟಿ ತಿನ್ನು. ಉಂಡಮ್ಯಾಲೆ ಎಲಿ ಬೇಕಂದ್ರ ಕೇಳಬೇಕಾಗ್ತದ."

ನಾವು ಲಿಂಗ ಕಟ್ಟಿಕೊಂಡ ಮನೆಯವರು. ಮುಟ್ಟಾದರೆ ಹೊರಗೆ ಕೂರುವುದು ನಮ್ಮಲ್ಲಿ ಇಲ್ಲ. ಅಂಥ ದಿನಗಳಲ್ಲೂ ಅವ್ವ ಅಡಿಗೆ ಮಾಡುತ್ತಿದ್ದಳು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಯನ್ನೂ ಮಾಡುತ್ತಿದ್ದಳು. ಬಳ್ಳಿಯ ಈ ಕಟ್ಟಳೆ ಎಲೆತೋಟದವರಿಂದ ಬಂದದ್ದು. ಹೊರಗಾದವಳು ಮುಟ್ಟಿದರೆ ಬಳ್ಳಿ ಕರಗುತ್ತದೆ ಎಂದು ಅವರು ನಂಬುತ್ತಿದ್ದರು, ಆಯಿ ಬಳ್ಳಿ ತಂದಾಗ ಬಳ್ಳಿಯ ಜೊತೆ ಆ ಮಾತನ್ನೂ ತಂದಿದ್ದಳು. ಭಿಕ್ಷಕ್ಕೆ ಬಂದ ಅಯ್ಯನವರು ಒಮ್ಮೆ ಇದನ್ನು ಕೇಳಿ ಬಾಗಿಲಲ್ಲೇ ನಿಂತರು.

"ಲಿಂಗ ಕಟ್ಟಿಕೊಂಡಾಕಿಗಿ ಮೈಲಿಗಿ ಎಲ್ಲಿಂದು, ಯವ್ವಾ?"

"ಲಿಂಗಕ್ಕಿಲ್ರಿ ಅಯ್ಯಾರ, ಬಳ್ಳಿಗದ. ಬಳ್ಳಿ ಲಿಂಗಾ ಕಟ್ಟಿಕೊಂಡಿಲ್ಲಲ್ರಿ," ಎಂದು ಆಯಿ ಹಿಟ್ಟು ಹಾಕಿ ಕಳಿಸಿದಳು.

ದಿನಾ ಎಲೆ ಹರಿಯುತ್ತಿದ್ದವಳು ನಾನಾದ್ದರಿಂದ ಬಳ್ಳಿ ಕೆಟ್ಟದ್ದು ಮೊದಲು ಗೊತ್ತಾದದ್ದು ನನಗೇ. ಅಂಗೈ ಅಗಲ ಇರುತ್ತಿದ್ದ ಎಲೆ ಮೂರು ಬೆರಳಿಗೆ ಇಳಿಯಿತು. ಅಂಚು ಸುಟ್ಟಂತಾಯಿತು. ನೀರು ಹಾಕಿದರೆ ಒಳಗೆ ಇಳಿಯುತ್ತಿರಲಿಲ್ಲ, ಬಾನಿಯ ಮೇಲೆ ನಿಂತು ಬದಿಯಿಂದ ಹರಿದುಹೋಗುತ್ತಿತ್ತು. ಆಯಿಗೆ ಹೇಳಿದೆ. "ಬಿಸಿಲಿಗಿ ಹಂಗಾಗ್ತದ, ನೀ ಸುಮ್ಮ ಹರಿ" ಎಂದಳು. ಒಂದು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಚಿಗವ್ವನ ಕಾಲು ಜಾರಿತು.

ಚಿಗವ್ವ ಗೌರಾಬಾಯಿ ಯಡ್ರಾಮಿಯವಳು. ನಮ್ಮ ಚಿಗಪ್ಪನ ಕೈ ಹಿಡಿದು ಬಂದು ಮೂರು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ತೆಳ್ಳಗೆ, ಎತ್ತರವಾಗಿ, ಕಂಬದ ಹಾಗೆ ನೆಟ್ಟಗೆ ನಿಲ್ಲುವವಳು. ಸುಳ್ಳು ಹೇಳಲು ಬಾರದು, ಅದೇ ಅವಳ ದೊಡ್ಡ ಕಷ್ಟ. ಆ ದಿನ ಬಚ್ಚಲ ಕಲ್ಲಿನ ಮೇಲೆ ಅಂಟುವಾಳದ ನೊರೆ ನಿಂತಿತ್ತು. ಕಾಲು ಜಾರಿದವಳು ಕಂಬ ಹಿಡಿಯಲು ಹೋಗಿ ಬಳ್ಳಿಯನ್ನೂ ಸೇರಿಸಿ ಹಿಡಿದಳು. ಯಾರೂ ನೋಡಿರಲಿಲ್ಲ. ಸೀರೆ ಉಟ್ಟು ನೇರವಾಗಿ ಆಯಿಯ ಮುಂದೆ ಬಂದು ನಿಂತಳು.

"ಅತ್ತಿ, ಜಾರಿ ಬೀಳಾಕತ್ತಿದ್ದೆ, ಬಳ್ಳಿ ಹಿಡಕೊಂಡೆ. ಇವತ್ತ ನಾ ಹೊರಗಿದ್ದೇನ್ರಿ."

ಅವ್ವ ಆಮೇಲೆ ಅಡಿಗೆಮನೆಯಲ್ಲಿ ಅವಳಿಗೆ ಬೈದಳು. "ಎದಕ್ಕ ಹೇಳಿದಿ ಹುಚ್ಚೀ? ಯಾರರ ನೋಡಿದ್ರೇನು?"

"ನಾ ನೋಡಿದ್ನಲ್ಲಕ್ಕಾ."

ಹದಿನೈದು ದಿನಕ್ಕೆ ಬಳ್ಳಿಯ ಕೆಳಗಿನ ಎಲೆಗಳೆಲ್ಲ ಹಳದಿಯಾಗಿ ಉದುರಿದವು. ವರ್ಷದಿಂದ ಸಾಯುತ್ತಿದ್ದ ಬಳ್ಳಿ ಅದು, ನಾನು ಬಲ್ಲೆ. ಆದರೆ ಆಯಿಗೆ ಕಾರಣ ಬೇಕಿತ್ತು, ಕಾರಣ ತಾನಾಗಿಯೇ ಬಂದು ಒಪ್ಪಿಕೊಂಡು ನಿಂತಿತ್ತು. ಉದುರಿದ ಎಲೆಗಳನ್ನು ಮೊರದಲ್ಲಿ ತುಂಬಿ ಚಿಗವ್ವನ ಮುಂದೆ ಇಟ್ಟಳು. ಗಂಡಸರು ಊಟ ಬಿಟ್ಟು ಎದ್ದರು. ಚಿಗಪ್ಪ ಎಂಬ ಮನುಷ್ಯ ಎತ್ತಿನ ಮುಂದೆ ಹುಲಿ, ತಾಯಿಯ ಮುಂದೆ ಬಾಯಿಯಿಲ್ಲದವನು. ಗೋಡೆ ನೋಡುತ್ತ ನಿಂತ.

"ಯಡ್ರಾಮಿಗಿ ಹೇಳಿ ಕಳಸ್ರಿ," ಎಂದಳು ಆಯಿ. "ಕಣದಾಗಿನ ರಾಶಿ ಮುಗೀತಂದ್ರ ಬೀಗರು ಬಂದು ಮಗಳನ್ನ ಕರಕೊಂಡು ಹೋಗ್ಲಿ. ಪೆಟಗೀನೂ ಒಯ್ಯಲಿ."

ಪೆಟಿಗೆ ಎಂದದ್ದಕ್ಕೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಮ್ಮ ಕಡೆ ಹೆಣ್ಣು ತವರಿಗೆ ಹೋಗುವಾಗ ಗಂಟು ಕಟ್ಟಿಕೊಂಡು ಹೋಗುತ್ತಾಳೆ. ಪೆಟಿಗೆ ಹೋಯಿತೆಂದರೆ ತಿರುಗಿ ಕರೆಯುವುದಿಲ್ಲ ಎಂದೇ ಅರ್ಥ. ಗೊಬ್ಬೂರಿನ ಸೋದರತ್ತೆಗೆ ಒಬ್ಬ ಮಗಳಿದ್ದಳು, ಚಿಗಪ್ಪನಿಗೆ ಅವಳನ್ನು ತರಬೇಕೆಂಬ ಮಾತು ಮನೆಯಲ್ಲಿ ಆಗಲೇ ಸುಳಿದಿತ್ತು. ಯಡ್ರಾಮಿಯಿಂದ ಉತ್ತರ ಬಂತು, ತಿಂಗಳೊಪ್ಪತ್ತಿನಲ್ಲಿ ಬರುತ್ತೇವೆ ಎಂದು. ಚಿಗವ್ವ ಅಳಲಿಲ್ಲ. ಜೋಳ ಬೀಸುತ್ತ ಕುಳಿತಳು. ಬೀಸುವ ಕಲ್ಲಿನ ಸಪ್ಪಳ ಮಾತ್ರ ಆ ದಿನ ನಿಲ್ಲಲೇ ಇಲ್ಲ, ನಾಲ್ಕು ದಿನಕ್ಕಾಗುವ ಹಿಟ್ಟು ಬಂತು.

ನನಗೆ ಅವಳ ಮೇಲೆ ಅಂಥ ಪ್ರೀತಿ ಉಕ್ಕುತ್ತಿತ್ತು ಎಂದು ಹೇಳಿದರೆ ಸುಳ್ಳು. ತಲೆ ಬಾಚುವಾಗ ಕೂದಲು ಕಿತ್ತುಬರುವಂತೆ ಎಳೆಯುತ್ತಿದ್ದಳು. ಆದರೆ ಬಳ್ಳಿಯ ವಿಷಯ ಅವಳಿಗಿಂತ, ಆಯಿಗಿಂತ, ನನಗೆ ಹೆಚ್ಚು ಗೊತ್ತಿತ್ತು. ಗೊತ್ತಿದ್ದವಳನ್ನು ಬಿಟ್ಟು ಗೊತ್ತಿಲ್ಲದವರು ತೀರ್ಮಾನ ಮಾಡಿದರಲ್ಲ, ಅದನ್ನು ನನಗೆ ತಡೆಯಲಾಗಲಿಲ್ಲ. ಇಂದಿಗೂ ತಡೆಯಲಾಗುವುದಿಲ್ಲ.

ಹೊಳೆಯ ಕಡೆಗೆ ಖಾಸೀಮಸಾಬನ ಎಲೆತೋಟ ಇತ್ತು. ಆಯಿ ಬಳ್ಳಿ ತಂದದ್ದು ಅವನ ತಂದೆಯಿಂದ. ನುಗ್ಗೆ, ಚೊಗಚೆ ಗಿಡಗಳಿಗೆ ಬಳ್ಳಿ ಹಬ್ಬಿಸಿದ್ದ ತೋಟ, ಒಳಗೆ ಕಾಲಿಟ್ಟರೆ ತಂಪು ಕಿವಿಯೊಳಗೆ ಹೋಗುತ್ತಿತ್ತು. ದೊಡ್ಡ ಹೆಂಗಸರನ್ನು ಅವನು ಬೇಲಿಯಿಂದಾಚೆಗೇ ನಿಲ್ಲಿಸುತ್ತಿದ್ದ, ನಾನು ಸಣ್ಣವಳೆಂದು ಬಿಡುತ್ತಿದ್ದ. ಬಾನಿಯ ಅಂಚಿನಿಂದ ಒಂದು ಹೆಂಟೆ ಮಣ್ಣು, ಎರಡು ಎಲೆ ಉಡಿಯಲ್ಲಿ ಕಟ್ಟಿಕೊಂಡು ಹೋದೆ. ಅವನು ಎಲೆ ನೋಡಿದ, ಮಣ್ಣನ್ನು ಚಿವುಟಿ ನಾಲಿಗೆಗೆ ಇಟ್ಟ, ಥೂ ಎಂದು ಉಗಿದ.

"ಬೇಟಿ, ನಿಮ್ಮ ಆಯಿ ಬಳ್ಳಿಗಿ ಏನ್ ಕುಡಸ್ತಾಳ?"

"ನೀರು, ಚಾಚಾ."

"ಯಾವ ನೀರು?"

ಆಗ ನನಗೂ ಹೊಳೆಯಿತು. ನಮ್ಮ ಮನೆಯಲ್ಲಿ ದಿನಾ ಐದು ಜನ ದೊಡ್ಡವರು ಲಿಂಗಪೂಜೆ ಮಾಡುತ್ತಿದ್ದರು. ವಿಭೂತಿ ಕಲಸಿದ ಬಟ್ಟಲು, ಕೈ, ಎಲ್ಲ ತೊಳೆದ ನೀರನ್ನು ತುಳಿಯುವ ಜಾಗಕ್ಕೆ ಚೆಲ್ಲಬಾರದು. ಆದ್ದರಿಂದ ಎಲ್ಲರೂ ಅದನ್ನು ಬಳ್ಳಿಯ ಬುಡಕ್ಕೆ ಹೊಯ್ಯುತ್ತಿದ್ದರು. ಎಷ್ಟು ವರ್ಷದಿಂದಲೋ! ಬೂದಿ ಮಣ್ಣಿಗೆ ಕೂತು ಕೂತು ಗಟ್ಟಿಯಾಗಿತ್ತು. ನಾನು ಹೇಳಿದೆ. ಖಾಸೀಮ ಚಾಚಾ ತಲೆಯ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ.

"ಇದು ಮಣ್ಣಲ್ಲ ಬೇಟಿ, ಗಚ್ಚು. ಇದರಲೆ ಗೋಡಿ ಕಟ್ಟಬಹುದು. ಪಾಪ, ಬಳ್ಳಿ ಇಷ್ಟ್ ದಿನಾ ಹ್ಯಾಂಗ ಇತ್ತೋ ಅಲ್ಲಾಗೇ ಗೊತ್ತು."

"ಹೊರಗಾದಾಕಿ ಮುಟ್ಟಿದ್ರ ಸಾಯ್ತದೋ ಇಲ್ಲೋ, ಅದನ್ನ ಹೇಳ್ರಿ."

ಗಡ್ಡ ಕೆರೆದುಕೊಂಡ. "ನಮ್ಮ ಅಬ್ಬಾ ತೋಟದಾಗ ಬಿಡ್ತಿದ್ದಿಲ್ಲ. ನಾನೂ ಬಿಡಂಗಿಲ್ಲ."

"ಮುಟ್ಟಿ ಸತ್ತದ್ದು ನೀವು ಕಣ್ಣಿಲೆ ನೋಡೀರೇನು?"

"ಒಳಗ ಬಿಟ್ರಲ್ಲ ಮುಟ್ಟೋದು, ಮುಟ್ಟಿದ್ರಲ್ಲ ನೋಡೋದು," ಎಂದು ಅವನೇ ನಕ್ಕ. ಆಮೇಲೆ ನನ್ನನ್ನು ಸಾಲಿನೊಳಗೆ ಕರೆದುಕೊಂಡು ಹೋಗಿ ಬಳ್ಳಿ ಇಳಿಸುವುದನ್ನು ತೋರಿಸಿದ. ವರ್ಷಕ್ಕೊಮ್ಮೆ ತೋಟದಲ್ಲಿ ಬಳ್ಳಿಯನ್ನು ಗಿಡದಿಂದ ಬಿಡಿಸಿ ಕೆಳಗೆ ತರುತ್ತಾರೆ. ಎಲೆ ಇಲ್ಲದ ಹಳೆಯ ಭಾಗವನ್ನು ಬುಡದಲ್ಲೇ ಸುರುಳಿ ಸುತ್ತಿ ಹೊಸ ಮಣ್ಣಿನಲ್ಲಿ ಹೂಳುತ್ತಾರೆ, ಕುಡಿಯನ್ನು ಮಾತ್ರ ಮೇಲೆ ಕಟ್ಟುತ್ತಾರೆ. ಹೂತ ಭಾಗದ ಗೆಣ್ಣುಗಳೆಲ್ಲ ಬೇರು ಬಿಡುತ್ತವೆ. ನಮ್ಮ ಬಳ್ಳಿಯನ್ನು ಆಯಿ ಒಂದು ಸಲವೂ ಇಳಿಸಿರಲಿಲ್ಲ. ಏರುವುದೇ ಅದರ ದೊಡ್ಡಸ್ತಿಕೆ ಎಂದು ತಿಳಿದಿದ್ದಳು.

"ಬೇರು ಎಳೀಬ್ಯಾಡ. ಬಾನಿ ಒಡಿ. ಸತ್ತ ಬೇರು ಕೊಯ್ದು ಒಗಿ. ಮೂರು ಸುತ್ತು ಸುತ್ತು, ನಾಕ ಬೆರಳು ಮಣ್ಣು ಹಾಕು. ಕರಿಮಣ್ಣು ಹಾಕ್ದಿ ಅಂದ್ರ ನನ್ನ ಹೆಸರು ಹೇಳಬ್ಯಾಡ. ಹಾಂ, ಒಬ್ಬಾಕಿ ಕೈಲೆ ಆಗಂಗಿಲ್ಲ ಇದು. ಬಳ್ಳಿ ಹಿಡ್ಯಾಕ ಇನ್ನೊಬ್ಬರು ಬೇಕು."

ಸಮಯ ನಾನೇ ಕಾದೆ. ಚೌಡಾಪುರದಲ್ಲಿ ಆಯಿಯ ಕಡೆಯವರೊಬ್ಬರು ತೀರಿಕೊಂಡರು, ಆಯಿ ಬೆಳಿಗ್ಗೆಯೇ ಮಣ್ಣಿಗೆ ಹೋದಳು. ಅಪ್ಪ, ಚಿಗಪ್ಪ ಕಣದಲ್ಲಿ. ಅವ್ವ ಕೂಸುಗಳನ್ನು ಕಟ್ಟಿಕೊಂಡು ಬುತ್ತಿ ಹೊತ್ತು ಹೋದಳು. ಮನೆಯಲ್ಲಿ ಚಿಗವ್ವ, ನಾನು ಇಬ್ಬರೇ. ಹಳ್ಳದ ಮರಳು ಬೆರೆತ ಗೋಡುಮಣ್ಣು, ತಿಪ್ಪೆಯ ತಳದ ಹಳೆಯ ಗೊಬ್ಬರ, ಎರಡನ್ನೂ ಮೊದಲೇ ಹೊತ್ತು ತಂದು ಹಿತ್ತಲಲ್ಲಿ ಮುಚ್ಚಿಟ್ಟಿದ್ದೆ. ಹೊಸ ಬಾನಿಗೆ ಎಲ್ಲಿ ಹೋಗುವುದು? ಎಮ್ಮೆ ಮುಸುರೆ ಕುಡಿಯುವ ಬಾನಿ ಕಣ್ಣಿಗೆ ಬಿತ್ತು, ಹಳೆಯದಕ್ಕಿಂತ ಒಂದೂವರೆ ಪಟ್ಟು ಅಗಲ. ಅದನ್ನು ಬೋರಲು ಹಾಕಿ, ತಳಕ್ಕೆ ನೀರು ಬಿಟ್ಟುಕೊಂಡು, ಹಾರೆಯ ತುದಿಯನ್ನು ತಿರುವುತ್ತ ತಿರುವುತ್ತ ತೂತು ಕೊರೆದೆ. ಗುದ್ದಿದ್ದರೆ ಒಡೆಯುತ್ತಿತ್ತು. ಎಮ್ಮೆ ನೋಡುತ್ತ ನಿಂತಿತ್ತು, ಸಂಜೆ ಅದು ಊರಿಗೆಲ್ಲ ಕೇಳುವಂತೆ ಒದರಿತು. ಒಳಗೆ ಬಂದು ಚಿಗವ್ವನಿಗೆ ಹೇಳಿದೆ, ನಾನು ಮಾಳಿಗೆ ಹತ್ತಿ ಬೆಳಕಿಂಡಿಯಿಂದ ಬಳ್ಳಿ ಇಳಿಬಿಡುತ್ತೇನೆ, ನೀನು ಕೆಳಗೆ ಹಿಡಿ ಎಂದು.

"ನಾ ಮುಟ್ಟಂಗಿಲ್ಲ ಕಾಶೀ. ಬ್ಯಾರೆ ಯಾರನರ ಕರಿ."

"ಹೊರಗಿದ್ದಿಯೇನು?"

"ಹೌದು. ನಿನ್ನಿಯಿಂದ."

ನನಗೂ ಒಂದು ಗಳಿಗೆ ಅಂಜಿಕೆಯಾಯಿತು, ಅದನ್ನೂ ಮುಚ್ಚಿಡುವುದಿಲ್ಲ. ಖಾಸೀಮ ಚಾಚಾನಿಗೇ ಸರಿಯಾಗಿ ಗೊತ್ತಿಲ್ಲದ ಮಾತು. ಆದರೆ ಆಯಿ ಸಂಜೆಗೆ ಬರುತ್ತಾಳೆ, ಮತ್ತೆ ಇಂಥ ದಿನ ಸಿಗುವುದಿಲ್ಲ.

"ಹಿಡಿ ಚಿಗವ್ವಾ. ಒಮ್ಮೆ ಮುಟ್ಟಿದ್ದಕ್ಕ ಪೆಟಗಿ ಕಟ್ಟ್ಯಾರ. ಎರಡ ಸಲ ಮುಟ್ಟಿದ್ರ ಎರಡ ಪೆಟಗಿ ಕಟ್ಟತಾರೇನು?"

ಅವಳು ನನ್ನ ಮುಖ ನೋಡಿದಳು. ಸೀರೆಯ ಕಚ್ಚೆ ಬಿಗಿಮಾಡಿಕೊಂಡು ಕಂಬದ ಕೆಳಗೆ ನಿಂತಳು. ನಾನು ಮಾಳಿಗೆಯ ಮೇಲಿನಿಂದ ಬಳ್ಳಿ ಬಿಡಿಸಿ ಬಿಡಿಸಿ ಇಳಿಬಿಟ್ಟೆ. ಗೆಣ್ಣಿಗೊಂದು ಬೇರು ಬೇವಿನ ಕಂಬವನ್ನು ಕಚ್ಚಿಕೊಂಡಿತ್ತು, ಒಂದೊಂದನ್ನೂ ಉಗುರಿನಿಂದ ಎಬ್ಬಿಸಬೇಕು. ಕೆಳಗೆ ಚಿಗವ್ವ ಎರಡೂ ತೋಳುಗಳ ಮೇಲೆ, ಆಮೇಲೆ ಹೆಗಲ ಮೇಲೆ, ಕೊರಳ ಸುತ್ತ ಅದನ್ನು ತಾಳಿಕೊಂಡಳು. ನಾನಿಳಿದು ಬಂದು ಖಾರ ಅರೆಯುವ ಗುಂಡುಕಲ್ಲಿನಿಂದ ಹಳೆಯ ಬಾನಿಗೆ ಹೊಡೆದೆ. ಬಾನಿ ನಾಲ್ಕು ಹೋಳಾಗಿ ಬಿತ್ತು, ಆದರೆ ಬಾನಿಯ ಆಕಾರ ಹಾಗೇ ನಿಂತಿತ್ತು. ಬೇರುಗಳು ಹೊರಗೆ ಹೋಗಲು ದಾರಿಯಿಲ್ಲದೆ ಸುತ್ತಿ ಸುತ್ತಿ ಸಿಂಬೆಯಂತಾಗಿದ್ದವು, ನಡುನಡುವೆ ಬಿಳಿಯ ಗಟ್ಟಿ ಪದರು. ಕುಡಗೋಲಿನಿಂದ ಕೊಯ್ದರೆ ಕರ್ ಕರ್ ಎಂದು ಸಪ್ಪಳ. ಒಳಗೆ ಮುಕ್ಕಾಲು ಪಾಲು ಸತ್ತ ಬೇರು.

"ನೋಡು ಚಿಗವ್ವಾ, ಯಾರು ಕೊಂದಾರ ನೋಡು."

ಚಿಗವ್ವ ಕೊರಳಿನ ಬಳ್ಳಿ ಸಡಿಲಾಗದಂತೆ ಬಗ್ಗಿ ನೋಡಿದಳು, ಅಷ್ಟೇ. ಒಡೆದ ಬಾನಿಯ ಬೋಕಿಗಳನ್ನು ತೂತಿನ ಮೇಲೆ ಹರಡಿದೆ, ಮಣ್ಣು ಹಾಕಿದೆ, ಹೆಬ್ಬೆರಳು ದಪ್ಪದ ಹಳೆಯ ಬಳ್ಳಿಯನ್ನು ಮೂರು ಸುತ್ತು ಸುತ್ತಿಟ್ಟೆ. ಸುತ್ತುವಾಗ ಮುರಿಯದಂತೆ ಮೊಣಕಾಲಿನ ಮೇಲೆ ಬಾಗಿಸಿ ಬಾಗಿಸಿ ಕೊಟ್ಟವಳು ಚಿಗವ್ವ. ಮೇಲೆ ನಾಲ್ಕು ಬೆರಳು ಮಣ್ಣು, ಮೇಲೆ ಒದ್ದೆ ಗೋಣಿ. ನಾಲ್ಕು ಕುಡಿಗಳನ್ನು ಬಾಳೆನಾರಿನಿಂದ ಕಂಬಕ್ಕೆ ಕಟ್ಟಿದೆವು. ಮಾಳಿಗೆಯವರೆಗೆ ಇದ್ದ ಬಳ್ಳಿ ನನ್ನ ಎದೆಯ ಎತ್ತರಕ್ಕೆ ಬಂದಿತ್ತು. ಪಡಸಾಲೆಯ ತುಂಬ ಬೆಳಕು ಬಿದ್ದು ಮನೆಯೇ ಬೇರೆಯವರದ್ದು ಎನ್ನಿಸಿತು. ಒಂದು ಬಿಳಿಯ ಹೆಂಟೆಯನ್ನು ಮಾತ್ರ ನಾನು ಎತ್ತಿಟ್ಟುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಆಯಿ ಬಂದಳು. ಹೊಸ್ತಿಲಲ್ಲೇ ನಿಂತಳು.

"ಯಾರು ಮಾಡಿದ್ದು ಇದು?"

"ನಾ."

ಚಿಗವ್ವ ಬಾಯಿ ತೆರೆಯಲು ಹೋದಳು, ನಾನು ಅವಳ ಕಾಲು ತುಳಿದೆ. ಹೆಂಟೆಯನ್ನು ಆಯಿಯ ಮುಂದೆ ಹಿಡಿದೆ.

"ಇದು ನಿನ್ನ ವಿಭೂತಿ, ಆಯಿ. ನಿಂದೂ, ಅಪ್ಪಂದೂ, ಎಲ್ಲಾರದೂ. ಬಳ್ಳಿ ಬೇರಿಗಿ ಗೋಡಿ ಕಟ್ಟ್ಯಾದ."

ಆಯಿಯ ಕೈ ಬಿತ್ತು. ಅವಳದು ಬೆಳ್ಳಿಯ ಕಡಗ, ಕೆನ್ನೆಯ ಮೇಲೆ ಮೂರು ದಿನ ಅದರ ಗುರುತಿತ್ತು. ಅಪ್ಪ, ಅವ್ವ ಅಷ್ಟರಲ್ಲಿ ಬಂದಿದ್ದರು, ಯಾರೂ ಬಿಡಿಸಲಿಲ್ಲ. ನಾನು ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ಆಯಿಯೇ ಆ ಹೆಂಟೆಯನ್ನು ಕಸಿದು ದೀಪದ ಹತ್ತಿರ ಒಯ್ದಳು. ಉಗುರಿನಿಂದ ಕೆರೆದಳು, ಮೂರು ಬೆರಳ ನಡುವೆ ತಿಕ್ಕಿದಳು. ಅರವತ್ತು ವರ್ಷ ದಿನಾ ವಿಭೂತಿ ತಿಕ್ಕಿದ ಬೆರಳುಗಳು ಅವು, ಅವಕ್ಕೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಹೆಂಟೆಯನ್ನು ದೀಪದ ಪಕ್ಕಕ್ಕೆ ಇಟ್ಟು ನನ್ನ ಕಡೆ ತಿರುಗಿದಳು.

"ಚಿಗುರಿದ್ರ ಚಿಗುರ್ತು. ಇಲ್ಲಂದ್ರ ಬೀಗರ ಗಾಡ್ಯಾಗ ಇಬ್ಬರನೂ ಹಾಕಿ ಕಳಸ್ತೇನಿ."

"ಕಳಸು. ನಾ ಯಡ್ರಾಮಿ ನೋಡಿಲ್ಲ."

ಅಪ್ಪನಿಗೆ ನಗು ಬಂದು ಹೊರಗೆ ಹೋದ. ನನಗೆ ನಗು ಬಂದಿರಲಿಲ್ಲ.

ಮರುದಿನದಿಂದ ನಾನು ಬಾನಿಯ ಮುಂದೆ ಕಾವಲು ಕುಳಿತೆ. ಪೂಜೆ ಮುಗಿಸಿ ಬಟ್ಟಲು ಹಿಡಿದು ಬಂದವರನ್ನೆಲ್ಲ ಹಿತ್ತಲ ಪತ್ರಿ ಗಿಡದ ಕಡೆಗೆ ಅಟ್ಟಿದೆ. ಅಪ್ಪ ಒದ್ದೆ ಧೋತರದಲ್ಲಿ ಮುಳ್ಳು ತುಳಿಯುತ್ತ ಹೋದ, ಚಿಗಪ್ಪ ಗೊಣಗುತ್ತ ಹೋದ. ಆಯಿ ಮೊದಲ ದಿನ ಬಟ್ಟಲು ಹಿಡಿದು ನನ್ನ ಎದುರು ನಿಂತಳು. ನಾನು ಏಳಲಿಲ್ಲ. ಎರಡನೆಯ ದಿನ ಅವಳೂ ಹಿತ್ತಲಿಗೆ ಹೋದಳು. ಅಪ್ಪನಿಗೂ ಬಗ್ಗದ ಹೆಂಗಸು ನನ್ನ ಎದುರಿನಿಂದ ಸುತ್ತು ಹಾಕಿಕೊಂಡು ಹೋದಳಲ್ಲ, ಅದನ್ನು ನೆನೆದರೆ ಇಂದಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಬಳ್ಳಿ ಮಾತ್ರ ಏನೂ ಹೇಳಲಿಲ್ಲ. ಒಂದು ಕುಡಿ ಕಪ್ಪಾಯಿತು, ಕೊಯ್ದೆ. ಇನ್ನೊಂದರ ಎಲೆಗಳು ಉದುರಿದವು. ನೆರೆಮನೆಯವರು ಬೆಂಕಿ ಕೇಳುವ ನೆಪದಲ್ಲಿ ಬಂದು ನೋಡಿ ಹೋದರು. ಹತ್ತು ದಿನವಾಯಿತು, ಹನ್ನೆರಡು ದಿನವಾಯಿತು. ಕಣದಲ್ಲಿ ರಾಶಿ ತೂರಿದರು, ಜೋಳ ನೆಲದಡಿಯ ಹಗೇವಿಗೆ ಇಳಿಯಿತು. ಚಿಗವ್ವ ತನ್ನ ಸೀರೆಗಳನ್ನು ಮಡಿಚಿ ಪೆಟಿಗೆಯಲ್ಲಿಟ್ಟಳು.

"ಬಿಡು ಕಾಶೀ, ಎಷ್ಟಂತ ಕೂಡ್ತಿ. ತಲಿ ಬಾಚತೇನಿ ಬಾ."

"ಬ್ಯಾಡ. ನೀ ಕೂದಲ ಕೀಳ್ತಿ."

ಇಪ್ಪತ್ತು ದಿನವಾದ ಮೇಲೆ ಒಂದು ಬೆಳಿಗ್ಗೆ ಗೋಣಿ ಎತ್ತಿ ನೋಡಿದರೆ, ಮಣ್ಣೊಳಗಿಂದ ಕೋಳಿಮರಿಯ ಕೊಕ್ಕಿನಂಥದು ಒಂದು, ತುದಿ ಕೆಂಪಗೆ, ಹೊರಗೆ ಬಂದಿತ್ತು. ಸ್ವಲ್ಪ ಆಚೆ ಇನ್ನೊಂದು. ಕೂಗಬೇಕೆಂದು ಬಾಯಿ ತೆರೆದವಳು ಹಾಗೇ ನಿಂತೆ. ಆ ಎರಡೂ ಮೊಳಕೆಗಳ ಸುತ್ತ ಹರಿದ ಬುಟ್ಟಿಯ ಕಡ್ಡಿಗಳನ್ನು ಯಾರೋ ಸಣ್ಣ ಬೇಲಿಯಂತೆ ಚುಚ್ಚಿದ್ದರು, ಕೋಳಿ ಕೆದರಬಾರದೆಂದು. ನನಗಿಂತ ಮೊದಲೇ ಆಯಿ ನೋಡಿದ್ದಳು. ತಿರುಗಿ ನೋಡಿದರೆ ಒಲೆಯ ಮುಂದೆ ಕುಳಿತು ಏನೂ ಗೊತ್ತಿಲ್ಲದವಳಂತೆ ಬೂದಿ ಬಳಿಯುತ್ತಿದ್ದಳು.

ಯಡ್ರಾಮಿಯ ಬೀಗರು ಬಂದಾಗ ಹೊಸ ಬಳ್ಳಿಯಲ್ಲಿ ಆರು ಎಲೆ ಇದ್ದವು. ಚಿಗವ್ವನ ತಂದೆ ದೊಡ್ಡ ರುಮಾಲಿನ ಮನುಷ್ಯ, ಒಳಗೆ ಬಂದು ನೀರನ್ನೂ ಮುಟ್ಟಲಿಲ್ಲ. ಕಂಬಳಿಯ ಅಂಚಿನ ಮೇಲೆ ಕುಳಿತು ಕೇಳಿದರು.

"ಬೀಗತ್ತೇರ, ನನ್ನ ಮಗಳು ಮಾಡಿದ ತಪ್ಪೇನ್ರಿ? ಕೇಳಿಕೊಂಡು ಕರಕೊಂಡು ಹೋಗ್ತೇನಿ."

"ತಪ್ಪ? ಯಾರು ಹೇಳಿದ್ರಿ ತಪ್ಪಂತ?" ಎಂದಳು ಆಯಿ. "ರಾಶಿ ಮುಗದದ, ಊಟಕ್ಕ ಕರದೇವಿ. ಬಳ್ಳಿ ನೋಡ್ರಿ ಬೀಗರ, ಇಳಿಸೇವಿ. ಹ್ಯಾಂಗ ಚಿಗರ್ಯಾದ ನೋಡ್ರಿ."

ಮಾತು ಅಲ್ಲಿಗೇ ಮುಗಿಯಬಹುದಿತ್ತು. ಅವ್ವ ಹೋಳಿಗೆಯ ತಾಟು ತಂದಿದ್ದಳು. ಆದರೆ ಚಿಗವ್ವ ಅಡಿಗೆಮನೆಯ ಬಾಗಿಲಿನಿಂದ ಪಡಸಾಲೆಗೆ ಬಂದು ನಡುವೆ ನಿಂತಳು.

"ಅಪ್ಪಾ, ಬಳ್ಳಿ ಕೆಡಿಸಿದಿ ಅಂತ ಪೆಟಗಿ ಒಯ್ಯಂದಿದ್ರು. ಅತ್ತಿ, ನೀವೂ ಕೇಳ್ರಿ. ಈ ಬಳ್ಳಿ ಇಳಿಸಿದ ದಿನಾ ಕೊಳ್ಳಾಗ ಹಾಕ್ಕೊಂಡು ಹಿಡದಾಕಿ ನಾನು. ಅವತ್ತೂ ನಾ ಹೊರಗಿದ್ದೆ. ನಾಳಿ ಗೊತ್ತಾಗಿ ಮತ್ತ ಪೆಟಗಿ ತಗೀಯೋದು ಬ್ಯಾಡ. ಈಗ ಹೇಳೇನಿ, ಈಗ ತೀರಿಸ್ರಿ."

ನಾನು ಕಣ್ಣು ಮುಚ್ಚಿದೆ. ಇಷ್ಟು ಕಷ್ಟಪಟ್ಟು ಉಳಿಸಿದ್ದನ್ನು ಈ ಹೆಂಗಸು ತಾನೇ ಒಲೆಗೆ ಹಾಕಿದಳಲ್ಲ ಎಂದು ಸಿಟ್ಟು ಬಂತು. ಚಿಗಪ್ಪ ಆ ದಿನ ಮೊದಲ ಸಲ ಗೋಡೆ ಬಿಟ್ಟು ಬಂದು ಹೆಂಡತಿಯ ಪಕ್ಕಕ್ಕೆ ನಿಂತ. ಆಯಿ ಎದ್ದು ಬಾನಿಯ ಹತ್ತಿರ ಹೋದಳು. ಹೊಸ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿದಳು, ಅಡಿಯಲ್ಲಿ ಏನಾದರೂ ಬರೆದಿದೆಯೋ ಎಂಬಂತೆ. ಆರೂ ಎಲೆ ನೋಡಿ ಮುಗಿಸಿದಳು.

"ನಾ ತಿಳದದ್ದು ತಪ್ಪು, ಗೌರಾ," ಎಂದಳು.

ಅಷ್ಟೇ. ಅವಳ ಬಾಯಲ್ಲಿ ಆ ಮಾತು ಅದಕ್ಕಿಂತ ಮುಂಚೆ ಯಾರೂ ಕೇಳಿರಲಿಲ್ಲ, ಆಮೇಲೆ ನಾನೂ ಕೇಳಲಿಲ್ಲ. ಬೀಗರು ನೀರಿನ ತಂಬಿಗೆ ಕೈಗೆ ತೆಗೆದುಕೊಂಡರು. ಚಿಗವ್ವ ಹೋಳಿಗೆಗೆ ತುಪ್ಪ ತರಲು ಒಳಗೆ ಹೋದಳು, ಹೋಗುತ್ತ ಬಾಗಿಲ ಬಳಿ ಇದ್ದ ಪೆಟಿಗೆಯನ್ನು ಕಾಲಿನಿಂದ ಒಳಗೆ ತಳ್ಳಿದಳು.

ಮರುದಿನ ಬೆಳಿಗ್ಗೆ ಗಾಡಿ ಹೂಡಿದರು. ಹೊರಡುವ ಮೊದಲು ಬೀಗರು ಮತ್ತೊಮ್ಮೆ ಬಳ್ಳಿಯ ಮುಂದೆ ನಿಂತು ಆಯಿಯನ್ನು ಕೇಳಿದರು.

"ಬೀಗತ್ತೇರ, ನಮ್ಮ ಮನಿಗೂ ಒಂದು ತುಂಡು ಕೊಡ್ರಿ. ಮಗಳ ಮನಿ ಬಳ್ಳಿ ಅಂತ ಹಚ್ಚತೇನಿ."

ಆಯಿಯ ಬಳ್ಳಿ, ಕೊಡುವವಳೂ ಬಿಡುವವಳೂ ಅವಳೇ. ಆಯಿ ನನ್ನ ಕಡೆಗೆ ಗದ್ದ ಎತ್ತಿ ತೋರಿಸಿದಳು.

"ನನಗ ಕೇಳಬ್ಯಾಡ್ರಿ. ಅಕಿನ್ನ ಕೇಳ್ರಿ."

ರುಮಾಲಿನ ಮನುಷ್ಯ ನನ್ನ ಕಡೆ ತಿರುಗಿದರು. ನನ್ನ ಲಂಗದ ತುಂಬ ಮಣ್ಣಿತ್ತು, ಮೂಗು ಸೋರುತ್ತಿತ್ತು. ಅದೇ ಲಂಗದಿಂದ ಮೂಗು ಒರೆಸಿಕೊಂಡು ಹೇಳಿದೆ:

"ಈಗ ಕೊಡಂಗಿಲ್ರಿ. ಇನ್ನಾ ಎಳೇದದ, ಕೊಯ್ದ್ರ ಎರಡೂ ಸಾಯ್ತಾವ. ಬರೋ ಸುಗ್ಗಿಗಿ ಮತ್ತ ಇಳಸ್ತೇನಿ. ಮಗಳನ್ನ ನೋಡಾಕ ಬರ್ರಿ, ಆಗ ಕೊಡ್ತೇನಿ. ಮತ್ತ ಪೂಜಿ ನೀರು ಹಾಕಿದ್ರ ಹೇಳ್ರಿ, ಕೊಡಂಗಿಲ್ಲ."

ಅವರು ಆಯಿಯ ಮುಖ ನೋಡಿದರು. ಆಯಿ ಬಾಯಲ್ಲಿ ಎಲೆ ಹಾಕಿಕೊಂಡು ಸುಮ್ಮನೆ ಅಗಿಯುತ್ತ ನಿಂತಿದ್ದಳು.

"ಆಗ್ಲಿ ಬಿಡ್ರಿ ಯವ್ವಾ, ಹಂಗೇ ಮಾಡೂಣ," ಎಂದರು ನನಗೆ.

ಮುಂದಿನ ಸುಗ್ಗಿಗೆ ಬಂದರು. ಮೊಳದುದ್ದದ ಎರಡು ತುಂಡು ಕೊಟ್ಟೆ.